ತಳ ಕೆರೆಯೋ ಮುಂಚೆ: ಕೊಚ್ಚಿಯ ಮಳೆಯಲ್ಲಿ ಜಪಾನಿ ಹತ್ತರಿ

(ವಿಡಿಯೊದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)



ಜಪಾನಿ ಭಾಷೆಯಲ್ಲಿ ಬಡಗಿಯ ಹತ್ತರಿಗೆ ‘ಕನ್ನ’ ಅಂತಾರೆ. ನಮ್ಮಲ್ಲಿ ಕನ್ನ ಹಾಕೋದು ಅಂದ್ರೆ ಏನು ಅಂತ ನಿಮಗೆ ಗೊತ್ತೇ ಇದೆ. ಒಳ್ಳೇ ಕನ್ನವೊಂದರ ಬೆಲೆ, ಅದರ ಮೇಲೆ ಕೊರಿಯರ್ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಕೂಡಿಸಿದರೆ ಎರಡೂ ಒಂದೇ ಪದ ಅನ್ನಿಸಿದರೂ ತಪ್ಪಿಲ್ಲ. ಹಾಗೆ ದುಡ್ಡು ಕೊಟ್ಟು ತರಿಸಿಕೊಂಡ ಮೇಲೆ ಜೂನ್ ತಿಂಗಳಲ್ಲಿ ಅದು ಕೆಲಸ ಮಾಡೋದನ್ನೇ ನಿಲ್ಲಿಸಿಬಿಡುತ್ತೆ. ಇವತ್ತಿನ ಮಾತು ಅದರ ಬಗ್ಗೆ.

ನಾನು ಮಲೆನಾಡಿನವನು. ತಿರುವನಂತಪುರದ ಕಳಕ್ಕೂಟ್ಟಂನಲ್ಲಿ ನಾಲ್ಕು ವರ್ಷ ಇದ್ದೆ, ಈಗ ಕೊಚ್ಚಿಯ ಕಾಕ್ಕನಾಡ್‌ನಲ್ಲಿದ್ದೀನಿ. ವಾರವೆಲ್ಲ ಕೋಡ್, ಭಾನುವಾರ ಬಾಲ್ಕನಿಯಲ್ಲಿ ಮರಗೆಲಸ. ಟೆಕ್ನೋಪಾರ್ಕ್, ಇನ್ಫೋಪಾರ್ಕ್ ಎರಡೂ ಕಡೆ ನಮ್ಮೋರು ಸುಮಾರು ಜನ ಈ ಹವ್ಯಾಸಕ್ಕೆ ಬಿದ್ದಿದ್ದಾರೆ. ಕೆಲವರು ಕಂಪನಿ ಕೆಲಸದ ಮೇಲೆ ಜಪಾನಿಗೆ ಹೋದಾಗ ಒಂದು ಕನ್ನ ತಂದಿರ್ತಾರೆ. ಅವರೆಲ್ಲ ಕೇಳೋ ಪ್ರಶ್ನೆ ಒಂದೇ: “ತಂದಾಗ ರೇಷ್ಮೆ ಥರ ಸುರುಳಿ ಬರ್ತಿತ್ತು, ಈಗ ಬರೀ ಪುಡಿ ಬರ್ತಿದೆ. ತಳ ಕೆರೀಲಾ?”

ನನ್ನ ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಮಳೆಗಾಲದಲ್ಲಿ ತಳ ಕೆರೀಬೇಡಿ. ಕೆರೆಯೋದು ಕಟ್ಟಕಡೆಯ ಕೆಲಸ. ಯಾಕೆ ಅನ್ನೋದಕ್ಕೆ ಉಳಿದ ಮಾತೆಲ್ಲ.

ಈ ಹತ್ತರಿಯ ಒಳಗೆ ಏನಿದೆ

ನಮ್ಮ ಕಡೆ ಇದನ್ನ ಹತ್ತರಿ ಅಂತೀವಿ, ಕೆಲವು ಊರಲ್ಲಿ ಕೀಸುಳಿ, ಪುಸ್ತಕದಲ್ಲಿ ಉಜ್ಜುಗೊರಡು. ಇಲ್ಲಿ ಮಲಯಾಳದಲ್ಲಿ ಚಿಂತೇರ್. ಉಳಿಗೆ ಮಾತ್ರ ಎರಡೂ ಕಡೆ ಉಳಿ ಅಂತಾನೇ ಹೆಸರು. ನಮ್ಮ ಮರದ ಹತ್ತರಿಯಲ್ಲಿ ಅಲಗನ್ನು ಹಿಡಿದು ನಿಲ್ಲಿಸೋದಕ್ಕೆ ಒಂದು ಬೆಣೆ ಇರುತ್ತೆ. ಜಪಾನಿನದರಲ್ಲಿ ಬೆಣೆ ಇಲ್ಲ. ಅಲಗೇ ಬೆಣೆ. ಮೇಲ್ಗಡೆ ದಪ್ಪ, ಕೆಳಗೆ ತೆಳು. ಮರದ ಕೊರಡಿನ ಎರಡು ಕೆನ್ನೆಯಲ್ಲಿ ಕೊರೆದ ಗಾಡಿಯಲ್ಲಿ ಅದು ಬಿಗಿಯಾಗಿ ಕೂರುತ್ತೆ.

ಈ ಕೊರಡಿಗೆ ಅವರು ‘ದಾಯ್’ ಅಂತಾರೆ. ಸಾಮಾನ್ಯವಾಗಿ ಅವರ ಕಡೆಯ ಓಕ್ ಮರ. ಅಲಗು ಕೂರೋ ಇಳಿಜಾರು ಹೆಚ್ಚಾಗಿ ಹತ್ತಕ್ಕೆ ಎಂಟರ ಲೆಕ್ಕ, ಅಂದರೆ 39 ಡಿಗ್ರಿಯ ಹತ್ತಿರ. ಅಲಗು ಎರಡು ಪದರದ್ದು: ಮೆದು ಕಬ್ಬಿಣದ ಬೆನ್ನಿಗೆ ಗಟ್ಟಿ ಉಕ್ಕಿನ ತೆಳು ಹಾಳೆ ಬೆಸೆದಿರ್ತಾರೆ. ಉಕ್ಕಿನ ಮುಖದಲ್ಲಿ ಸಣ್ಣ ಹಳ್ಳ ಇರುತ್ತೆ, ಸಾಣೆ ಹಿಡಿಯುವಾಗ ಅಂಚಿನ ಪಟ್ಟಿ ಮಾತ್ರ ಕಲ್ಲಿಗೆ ತಾಗಲಿ ಅಂತ. ಇದರ ಮೇಲೆ ಎರಡನೇ ಅಲಗು, ಅಂದರೆ ಚಿಪ್‌ಬ್ರೇಕರ್. ಅದನ್ನ ಒತ್ತಿ ಹಿಡಿಯೋದಕ್ಕೆ ಒಂದು ಅಡ್ಡ ಕಡ್ಡಿ. ಇಷ್ಟೇ. ಒಂದು ಸ್ಕ್ರೂ ಇಲ್ಲ, ಒಂದು ನಟ್ ಇಲ್ಲ. ಆಳ ಹೆಚ್ಚು ಮಾಡಬೇಕಾ, ಅಲಗಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ಕಡಿಮೆ ಮಾಡಬೇಕಾ, ಕೊರಡಿನ ಹಿಂಬದಿಯ ಎಡಮೂಲೆಗೊಂದು ಬಲಮೂಲೆಗೊಂದು, ಅಲಗು ನಿಂತಿರೋ ಓರೆಯಲ್ಲೇ. ನಡುವೆ ಹೊಡೀಬೇಡಿ, ಕೊರಡು ಸೀಳುತ್ತೆ.

ಇನ್ನೊಂದು ಮುಖ್ಯ ವಿಷಯ. ಇದರ ತಳ ಮಟ್ಟಸ ಅಲ್ಲ. ಮಟ್ಟಸ ಇರಲೂ ಬಾರದು. ನುಣುಪು ಕೆಲಸದ ಕನ್ನದಲ್ಲಿ ತಳ ಮರಕ್ಕೆ ತಾಗೋದು ಎರಡೇ ಕಡೆ: ನಮ್ಮತ್ತ ಬರೋ ತುದಿ, ಮತ್ತು ಬಾಯಿಯ ಮುಂದಿನ ಸಣ್ಣ ಪಟ್ಟಿ. ಉಳಿದಿದ್ದೆಲ್ಲ ಚೂರು ತಗ್ಗು. ಎಷ್ಟು ತಗ್ಗು? ಪ್ರಿಂಟರ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅದಕ್ಕಿಂತಲೂ ಕಡಿಮೆ. ಹಲಗೆಯ ಅಂಚು ನೇರ ಮಾಡೋ ಉದ್ದ ಕನ್ನದಲ್ಲಿ ಹಿಂದಿನ ತುದಿಯೂ ತಾಗಬೇಕು, ಅಲ್ಲಿಗೆ ಮೂರು ಕಡೆ.

ಅಂದರೆ ಈ ಇಡೀ ಉಪಕರಣ ಮರದ ತುಂಡೊಂದು ಕೂದಲೆಳೆಯಷ್ಟೂ ಅಲುಗದೆ ಇರುತ್ತೆ ಅನ್ನೋ ನಂಬಿಕೆಯ ಮೇಲೆ ನಿಂತಿದೆ. ಅದನ್ನ ನಾವು ಕೊಚ್ಚಿಗೆ ತಂದಿದ್ದೀವಿ.

ಗಾಳಿಯ ಲೆಕ್ಕ

ತಿರುವನಂತಪುರದಲ್ಲಿ ವರ್ಷಕ್ಕೆ 1,800 ಮಿ.ಮೀ. ಆಸುಪಾಸು ಮಳೆ. ಕೊಚ್ಚಿಯಲ್ಲಿ ಸುಮಾರು 3,000. ಜೂನ್‌ನಲ್ಲಿ ಎಡವಪಾತಿ ಶುರು, ಅದು ಮುಗೀತು ಅನ್ನೋ ಹೊತ್ತಿಗೆ ಅಕ್ಟೋಬರ್-ನವೆಂಬರಿನ ತುಲಾವರ್ಷ. ಎರಡೂ ಊರಿಗೆ ಸಮುದ್ರ ಪಕ್ಕದಲ್ಲೇ.

ಮರ ಒಣಗಿ ಎಷ್ಟು ವರ್ಷ ಆಗಿದ್ದರೂ ಗಾಳಿಯ ಜೊತೆ ಅದರ ಕೊಡುಕೊಳ್ಳುವಿಕೆ ನಿಲ್ಲೋದಿಲ್ಲ. 27 ಡಿಗ್ರಿ ಶಾಖದಲ್ಲಿ ಗಾಳಿಯ ತೇವಾಂಶ ಶೇ. 50 ಇದ್ದರೆ ಮರದೊಳಗಿನ ನೀರಿನ ಪ್ರಮಾಣ ನಿಧಾನಕ್ಕೆ ಶೇ. 9ರ ಹತ್ತಿರ ಬಂದು ನಿಲ್ಲುತ್ತೆ. ಗಾಳಿ ಶೇ. 85 ಆದರೆ ಅದು ಶೇ. 17–18ರ ಕಡೆ ಏರುತ್ತೆ. ಒಂದೇ ದಿನದಲ್ಲಿ ಅಲ್ಲ, ವಾರಗಟ್ಟಲೆ ಹಿಡಿಯುತ್ತೆ. ಈ ಎರಡು ತುದಿಗಳ ನಡುವೆ 80 ಮಿ.ಮೀ. ಅಗಲದ ಓಕ್ ಕೊರಡು ಅಡ್ಡಕ್ಕೆ ಹಿಗ್ಗೋದು ಒಂದು ಮಿ.ಮೀ. ದಾಟಬಹುದು. ಉದ್ದಕ್ಕೆ ಮಾತ್ರ ಅಲುಗೋದು ಇಲ್ಲ ಅನ್ನುವಷ್ಟು ಕಡಿಮೆ. ನಾವು ತೆಗೆಯೋ ಸುರುಳಿಯ ದಪ್ಪ 0.02 ಮಿ.ಮೀ. ಈಗ ಹೋಲಿಸಿ ನೋಡಿ.

ನಮ್ಮ ಫ್ಲಾಟುಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಹಾಲ್‌ನಲ್ಲಿ ಒಂದು ಗಾಳಿ, ಎಸಿ ರೂಮಿನಲ್ಲಿ ಇನ್ನೊಂದು ಗಾಳಿ. ವರ್ಕ್ ಫ್ರಮ್ ಹೋಮ್ ಮಾಡುವವರು ಮೇಜಿನ ಪಕ್ಕದಲ್ಲೇ ಹತ್ತರಿ ಇಟ್ಟಿರ್ತಾರೆ. ಹಗಲೆಲ್ಲ ಎಸಿ, ರಾತ್ರಿ ಕಿಟಕಿ ತೆಗೆದರೆ ಹಿನ್ನೀರಿನ ಹಸಿ ಗಾಳಿ. ಒಣಗಾಳಿಗೆ ಕೊರಡು ಅಡ್ಡಕ್ಕೆ ಕುಗ್ಗುತ್ತೆ, ಉಕ್ಕಿನ ಅಲಗು ಕುಗ್ಗೋದಿಲ್ಲ. ಅಲಗಿನ ಎರಡು ಪಕ್ಕದಲ್ಲಿ ಸಂದು ಇಲ್ಲದಿದ್ದರೆ ಕೊರಡು ಅಲಗನ್ನ ಅಮುಕುತ್ತೆ, ಕೊನೆಗೆ ತಾನೇ ಬಿರಿಯುತ್ತೆ. ಅದಕ್ಕೇ ತಂದ ದಿನವೇ ನೋಡಬೇಕಾದ್ದು ಇದು: ಅಲಗಿನ ಎಡಬಲಕ್ಕೆ ಸಂದು ಇದೆಯಾ? ಅಲಗು ಪಕ್ಕಕ್ಕೆ ಚೂರು ಸರಿಯಬೇಕು.

ಗೆಳೆಯನ ತೊಟ್ಟಿಲು

ಹಾಸನ ಕಡೆಯ ಗೆಳೆಯ ಒಬ್ಬ, ಟೆಕ್ನೋಪಾರ್ಕ್‌ನಲ್ಲಿ ಕೆಲಸ. ಹೆಂಡತಿಗೆ ಸೆಪ್ಟೆಂಬರಿನಲ್ಲಿ ಹೆರಿಗೆಗೆ ದಿನ ಕೊಟ್ಟಿದ್ದರು. ಹಲಸಿನ ಮರದಲ್ಲಿ ತೊಟ್ಟಿಲು ಮಾಡ್ತೀನಿ ಅಂತ ಹೊರಟ. ತಾನೇ ಟೋಕಿಯೊದಿಂದ ತಂದ ಕನ್ನ. ಏಪ್ರಿಲ್-ಮೇನಲ್ಲಿ ಚೆನ್ನಾಗೇ ನಡೀತು. ಜೂನ್ ಮೂರನೇ ವಾರಕ್ಕೆ ಕನ್ನ ಮುಷ್ಕರ ಹೂಡಿತು. ಅಲಗು ಹೊರಗೆ ಕಾಣುತ್ತೆ, ಮರ ಮಾತ್ರ ಕುಯ್ಯೋದಿಲ್ಲ. ತಳಕ್ಕೆ ಸ್ಕೇಲ್ ಇಟ್ಟು ನೋಡಿದ, ಬಾಯಿಯ ಹಿಂದೆ ಉಬ್ಬಿತ್ತು. ಕೆರೆದ. ಎರಡು ವಾರ ಸರಿಹೋಯ್ತು. ಮತ್ತೆ ಉಬ್ಬಿತು, ಮತ್ತೆ ಕೆರೆದ. ಆಗಸ್ಟಿನಲ್ಲಿ ಮೂರನೇ ಸಲ.

ತಳ ಕೆರೆದರೆ ಆಗೋದು ಬರೀ ಉಬ್ಬು ಹೋಗೋದಲ್ಲ. ಅಲಗು ಓರೆಯಾಗಿ ನಿಂತಿರುತ್ತಲ್ಲ, ತಳ ಮೇಲಕ್ಕೆ ಹೋದಷ್ಟೂ ಬಾಯಿ ಅಗಲ ಆಗುತ್ತೆ. ಮಳೆ ನಿಂತು ಡಿಸೆಂಬರ್ ಬಂತು. ಮರ ತನ್ನ ಹಳೇ ಜಾಗಕ್ಕೆ ವಾಪಸ್ ಹೋಯ್ತು. ಮಳೆಗಾಲದಲ್ಲಿ ಉಬ್ಬು ಅಂತ ಕೆರೆದಿದ್ದ ಜಾಗ ಈಗ ಹಳ್ಳ. ಬಾಯಿ ಹುಡುಗರ ಹಲ್ಲು ಬಿದ್ದ ಬಾಯಿ ಥರ. ಬಾಯಿಯ ಮುಂದಿನ ಪಟ್ಟಿ ಮರಕ್ಕೆ ತಾಗ್ತಾನೇ ಇಲ್ಲ.

ತೊಟ್ಟಿಲು ನಿಲ್ಲಲಿಲ್ಲ, ಅದನ್ನ ಹೇಳಿಬಿಡ್ತೀನಿ. ಆಗಸ್ಟ್ ಕೊನೆಗೆ ಅವನು ಹಲಗೆಗಳನ್ನೆಲ್ಲ ಕಾರಿಗೆ ಹಾಕ್ಕೊಂಡು ಕೊಚ್ಚಿಗೆ ಬಂದ. ನಮ್ಮ ಬೀದಿಯಲ್ಲಿ ವಯಸ್ಸಾದ ಆಶಾರಿಯೊಬ್ಬರಿದ್ದಾರೆ. ನಮ್ಮ ಕರಾವಳಿಯಲ್ಲಿ ಆಚಾರಿ ಅಂತೀವಲ್ಲ, ಅವರೇ. ನಾವೆಲ್ಲ ಅವರನ್ನ ಚೇಟ್ಟನ್ ಅಂತ ಕರೀತೀವಿ. ಅವರ ಚಿಂತೇರ್‌ನಲ್ಲೇ ತೊಟ್ಟಿಲಿನ ಪಟ್ಟಿಗಳೆಲ್ಲ ನುಣುಪಾದವು. ಅವರು ಕನ್ನವನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅಲಗನ್ನ ಉಗುರಿನ ಮೇಲೆ ಇಟ್ಟು ನೋಡಿ ತಲೆದೂಗಿದರು. ಇನ್ನೂ ಸ್ವಲ್ಪ ಕೆರೆದರೆ ಸರಿಯಾಗುತ್ತಾ ಅಂತ ಗೆಳೆಯ ಕೇಳಿದ್ದಕ್ಕೆ ಅವರು ಹೇಳಿದ್ದು ಎರಡೇ ಮಾತು: “ಮಳ ಕಳಿಯಟ್ಟೆ.” ಮಳೆ ಮುಗೀಲಿ.

ಮುಂದಿನ ಫೆಬ್ರುವರಿಯಲ್ಲಿ ಅವರೇ ಹಳೇ ಬಾಗಿಲ ಚೌಕಟ್ಟಿನ ಬೀಟೆ ತುಂಡಿನಲ್ಲಿ ಹೊಸ ಕೊರಡು ಮಾಡಿಕೊಟ್ಟರು. ಬೆಣೆ ಇಲ್ಲದ ಹತ್ತರಿ ಅವರು ಅದುವರೆಗೆ ಮಾಡಿರಲಿಲ್ಲ. ಎರಡು ಭಾನುವಾರ ಹಿಡೀತು. ಅಲಗು ಜಪಾನಿನದು, ಮೈ ಕೇರಳದ್ದು. ಹಳೇ ಓಕ್ ಕೊರಡು ಗೆಳೆಯನ ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡೋ ತುಂಡಾಗಿದೆ.

ನಾನು ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ಈ ಹತ್ತರಿಯಲ್ಲಿ ಎಲ್ಲಾ ಹೊಂದಾಣಿಕೆಯನ್ನೂ ಹಿಂದಕ್ಕೆ ತಗೋಬಹುದು. ಅಲಗು ಹೆಚ್ಚು ಇಳೀತಾ, ಎತ್ತಬಹುದು. ಚಿಪ್‌ಬ್ರೇಕರ್ ಮುಂದೆ ಹೋಯ್ತಾ, ಹಿಂದಕ್ಕೆ ತರಬಹುದು. ಕೆರೆದ ಮರ ಮಾತ್ರ ವಾಪಸ್ ಬರೋದಿಲ್ಲ. ಅದಕ್ಕೆ ಅಂಡೂ ಬಟನ್ ಇಲ್ಲ.

ಹಾಗಾದ್ರೆ ಮೊದಲು ಏನು ನೋಡಬೇಕು

ವಾಪಸ್ ತಗೋಬಹುದಾದ್ದನ್ನೆಲ್ಲ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಕೆಲಸದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯದು ಅಲಗಿನ ಹರಿತ. ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತೆ. 1000ದ ನೀರುಕಲ್ಲು, ಆಮೇಲೆ 6000 ಅಥವಾ 8000. ಇಳಿಜಾರಿನ ಕಡೆ ಉಜ್ಜಿ, ಅಂಚಿನುದ್ದಕ್ಕೂ ಸಣ್ಣ ಮುಳ್ಳು ಎದ್ದಿದ್ದು ಬೆರಳಿಗೆ ಸಿಗಬೇಕು. ಆಮೇಲೆ ಹಳ್ಳ ಇರೋ ಮುಖವನ್ನ ನುಣುಪು ಕಲ್ಲಿನ ಮೇಲೆ ಮಾತ್ರ. ಆ ಮುಖದಲ್ಲಿ ಅಂಚಿನ ಹಿಂದೆ ಹೊಳೆಯೋ ಸಣ್ಣ ಪಟ್ಟಿ ಇದೆಯಾ ನೋಡಿ. ಸವೆದು ಸವೆದು ಹಳ್ಳವೇ ಅಂಚಿಗೆ ಬಂದಿದ್ದರೆ, ಇಳಿಜಾರಿನ ಕಡೆಯ ಮೆದು ಕಬ್ಬಿಣಕ್ಕೆ ಸಣ್ಣ ಸುತ್ತಿಗೆಯಿಂದ ಕುಟ್ಟಿ ಉಕ್ಕನ್ನ ಚೂರು ಈಚೆ ತಳ್ಳಬೇಕಾಗುತ್ತೆ. ಏಟು ಉಕ್ಕಿನ ಮೇಲೆ ಬಿದ್ದರೆ ಅಂಚು ಚೂರಾಗುತ್ತೆ. ಕಲಿತವರು ಮಾಡೋದನ್ನ ಒಂದು ಸಲ ನೋಡಿ ಆಮೇಲೆ ಕೈ ಹಾಕಿ.

ಎರಡನೆಯದು, ಸುರುಳಿ ಬಾಯಲ್ಲೇ ಸಿಕ್ಕಿಹಾಕಿಕೊಂಡು ಮಡಿಕೆ ಮಡಿಕೆಯಾಗಿ ನಿಂತರೆ, ತಳದ ತಪ್ಪಲ್ಲ. ಚಿಪ್‌ಬ್ರೇಕರ್ ಅಲಗಿನ ಮೇಲೆ ಸಂದಿಲ್ಲದೆ ಕೂತಿದೆಯಾ? ಎರಡನ್ನೂ ಜೋಡಿಸಿ ಬೆಳಕಿಗೆ ಹಿಡೀರಿ. ಬೆಳಕು ಕಂಡರೆ ಸಂದು ಇದೆ. ಅದು ಅಲುಗಾಡ್ತಿದ್ದರೆ ಅದರ ಮೇಲ್ಮೂಲೆಗಳ ಮಡಿಕೆಯನ್ನ ಚೂರು ಸರಿಪಡಿಸಬೇಕು. ಕೂತಿದ್ದೂ ಸಿಕ್ಕಿಕೊಳ್ತಿದ್ದರೆ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ.

ಮೂರನೆಯದು, ಒಂದೇ ಪಕ್ಕದಲ್ಲಿ ಸುರುಳಿ ಬರ್ತಿದ್ದರೆ ಅಲಗು ಓರೆಯಾಗಿದೆ. ಕನ್ನವನ್ನ ತಲೆಕೆಳಗೆ ಮಾಡಿ, ತಳದುದ್ದಕ್ಕೆ ಒಂದು ಕಣ್ಣಲ್ಲಿ ನೋಡಿ. ಅಂಚು ಕಪ್ಪು ಗೆರೆ ಥರ ಕಾಣುತ್ತೆ. ಗೆರೆ ಯಾವ ಕಡೆ ದಪ್ಪ ಇದೆಯೋ ನೋಡಿಕೊಂಡು ಅಲಗಿನ ತಲೆಯನ್ನ ಪಕ್ಕದಿಂದ ಮೆಲ್ಲಗೆ ತಟ್ಟಿ.

ನಾಲ್ಕನೆಯದು, ಎಳೆಯುವಾಗ ಕಟಕಟ ಸದ್ದು, ಮರದ ಮೇಲೆ ಅಲೆ ಅಲೆ ಗುರುತು. ಇದು ಅಲಗು ತನ್ನ ಹಾಸಿನ ಮೇಲೆ ಸರಿಯಾಗಿ ಕೂತಿಲ್ಲ ಅನ್ನೋದರ ಲಕ್ಷಣ. ಒಂದು ಕಾಲದಲ್ಲಿ ಬಿಗಿ, ಇನ್ನೊಂದು ಕಾಲದಲ್ಲಿ ಸಡಿಲ ಆಗೋದು ಸಹಜ. ಕೆಲಸ ಮಾಡ್ತಾ ಮಾಡ್ತಾ ಅಲಗು ಹಿಂದೆ ಸರೀತಿದ್ದರೆ ಮರ ಕೊರೆಯೋದು ಬೇಡ. ಹಾಸಿಗೆ ತೆಳು ಕಾಗದದ ಒಂದು ಚೂರು ಅಂಟಿಸಿ. ಜಪಾನಿನ ಬಡಗಿಗಳೂ ಇದನ್ನೇ ಮಾಡೋದು. ಕಾಗದ ಕಿತ್ತರೆ ಮೊದಲಿನ ಹಾಗೇ.

ಐದನೆಯದು, ನಾರು ಕಿತ್ತು ಬರೋದು. ಇದಕ್ಕೆ ನಮ್ಮ ಮರಗಳೇ ಕಾರಣ. ಈ ಕನ್ನ ಹುಟ್ಟಿದ್ದು ಹಿನೊಕಿ, ಸುಗಿ ಅನ್ನೋ ಮೆದು ಮರಗಳ ಊರಲ್ಲಿ. ಇಲ್ಲಿ ನಮಗೆ ಸಿಗೋದು ಹಲಸು, ಆಂಜಿಲಿ ಅಂದರೆ ನಮ್ಮ ಹೆಬ್ಬಲಸು, ಮಹಾಗನಿ, ತೇಗ. ಹಲಸಿನಲ್ಲಿ, ಹೆಬ್ಬಲಸಿನಲ್ಲಿ ನಾರು ಒಂದು ಪದರ ಈ ಕಡೆ, ಮುಂದಿನ ಪದರ ಆ ಕಡೆ. ಯಾವ ಕಡೆಯಿಂದ ಎಳೆದರೂ ಯಾವುದೋ ಒಂದು ಪದರ ಎದುರು ಬೀಳುತ್ತೆ. ತೇಗದಲ್ಲಿ ಸಿಲಿಕಾ ಇರೋದರಿಂದ ಅಂಚು ಬೇಗ ಮೊಂಡಾಗುತ್ತೆ. ಎರಡು ಉಪಾಯ: ಅಲಗಿನ ಇಳಿಜಾರನ್ನ 30 ಡಿಗ್ರಿಯ ಮೇಲೆ ಇಟ್ಟುಕೊಳ್ಳಿ, ಅಂಚು ಉದುರೋದು ಕಡಿಮೆಯಾಗುತ್ತೆ. ಚಿಪ್‌ಬ್ರೇಕರನ್ನ ಅಂಚಿಗೆ 0.1–0.3 ಮಿ.ಮೀ. ಹತ್ತಿರಕ್ಕೆ ತನ್ನಿ. ಅಷ್ಟು ಹತ್ತಿರ ಇದ್ದರೆ ನಾರು ಸೀಳಿ ಏಳೋ ಮುಂಚೆಯೇ ಸುರುಳಿ ಮುರಿದು ಮೇಲಕ್ಕೆ ಬಾಗುತ್ತೆ. ಜಪಾನಿನ ಯಾಮಗಾತಾ ವಿಶ್ವವಿದ್ಯಾಲಯದಲ್ಲಿ ಕಾತೋ ಮತ್ತು ಕವಾಯ್ ಅನ್ನೋ ಇಬ್ಬರು ಇದನ್ನ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದಾರೆ.

ಕಟ್ಟಕಡೆಗೆ ತಳ

ಇಷ್ಟೂ ನೋಡಿದ ಮೇಲೂ ಅಲಗು ಕಾಣುತ್ತೆ, ಕುಯ್ಯೋದಿಲ್ಲ ಅಂದರೆ ಆಗ ತಳ. ನೋಡುವಾಗ ಅಲಗು ಒಳಗೇ ಇರಬೇಕು, ಕೆಲಸದ ಬಿಗಿಯಲ್ಲೇ ಇರಬೇಕು. ಅಂಚು ಮಾತ್ರ ತಳದಿಂದ ಚೂರು ಮೇಲೆ ಎಳೆದುಕೊಂಡಿರಲಿ. ಯಾಕಂದ್ರೆ ಅಲಗು ಹಾಸನ್ನ ಒತ್ತಿದಾಗಲೇ ಬಾಯಿಯ ಹಿಂದಿನ ಜಾಗ ಉಬ್ಬೋದು. ಅಲಗು ತೆಗೆದು ನೋಡಿದರೆ ಆ ಉಬ್ಬು ಕಾಣೋದೇ ಇಲ್ಲ. ಸ್ಟೀಲ್ ಪಟ್ಟಿಯನ್ನ ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಯಿಂದ ಮೂಲೆಗೆ ಇಟ್ಟು ಹಿಂದಿನಿಂದ ಬೆಳಕು ಬಿಡಿ. ಮೂಲೆಯಿಂದ ಮೂಲೆಗೆ ನೋಡೋದು ತಳ ತಿರುಚಿಕೊಂಡಿದೆಯಾ ಅಂತ.

ಉಬ್ಬು ಕಂಡಿತು ಅನ್ನಿ. ಈಗಲೂ ಕೆರೀಬೇಡಿ. ಅಲಗು ಅತಿ ಬಿಗಿಯಾಗಿದೆಯಾ ನೋಡಿ. ಸ್ವಲ್ಪ ಸಡಿಲಿಸಿ ಮತ್ತೆ ಪಟ್ಟಿ ಇಡಿ. ಎಷ್ಟೋ ಸಲ ಉಬ್ಬು ಅಲ್ಲೇ ಇಳಿಯುತ್ತೆ. ಇಳಿಯದಿದ್ದರೆ ದಿನಾಂಕ ಹಾಕಿ ಬರೆದಿಡಿ. ನಾನು ಹತ್ತರಿ ಪೆಟ್ಟಿಗೆಯಲ್ಲಿ ಒಂದು ಅಗ್ಗದ ಹೈಗ್ರೋಮೀಟರ್ ಇಟ್ಟಿದ್ದೀನಿ, ಪಕ್ಕದಲ್ಲಿ ಒಂದು ನೋಟ್‌ಬುಕ್. ಪ್ರತಿ ತಿಂಗಳು ತೇವಾಂಶ ಎಷ್ಟು, ತಳದಲ್ಲಿ ಎಲ್ಲಿ ಬೆಳಕು ಕಂಡಿತು, ಅಷ್ಟೇ. ಒಂದು ವರ್ಷ ಬರೆದರೆ ಗೊತ್ತಾಗುತ್ತೆ, ಯಾವ ಉಬ್ಬು ಮಳೆಯದು, ಯಾವುದು ನಿಜವಾಗಿ ಮರದ್ದು. ಜನವರಿಯಲ್ಲೂ ಇರೋ ಉಬ್ಬು ಮಾತ್ರ ಕೆರೆಯೋ ಉಬ್ಬು.

ಕೆರೆಯೋದಕ್ಕೆ ಜಪಾನಿನವರ ಹತ್ತಿರ ಅಲಗು ನೆಟ್ಟಗೆ ನಿಂತಿರೋ ಬೇರೆಯದೇ ಒಂದು ಸಣ್ಣ ಕನ್ನ ಇದೆ. ನಮಗೆ ಹರಿತವಾದ ಅಗಲ ಉಳಿಯೇ ಸಾಕು. ಉಳಿಯನ್ನ ನೆಟ್ಟಗೆ ಹಿಡಿದು, ನಾರಿಗೆ ಅಡ್ಡಲಾಗಿ, ಪುಡಿ ಪುಡಿ ಬರೋ ಹಾಗೆ. ನಾಲ್ಕು ಸಲ ಎಳೆದು ಒಂದು ಸಲ ಪಟ್ಟಿ ಇಟ್ಟು ನೋಡಿ. ಬಾಯಿಯ ಮುಂದಿನ ಪಟ್ಟಿಯನ್ನ ಮಾತ್ರ ಮುಟ್ಟಲೇಬೇಡಿ.

ಕೇರಳದ ಕ್ಯಾಲೆಂಡರ್

ನಮ್ಮ ಗಾಳಿಗೆ ನಾನು ಇಟ್ಟುಕೊಂಡಿರೋ ಲೆಕ್ಕ ಇದು. ಜನವರಿ, ಫೆಬ್ರುವರಿ: ಹಾಸು, ತಳ, ಏನೇ ಕೆರೆಯೋದಿದ್ದರೂ ಈ ಎರಡು ತಿಂಗಳಲ್ಲಿ. ಮಾರ್ಚ್‌ನಿಂದ ಮೇ: ನುಣುಪು ಕೆಲಸವೆಲ್ಲ ಮುಗಿಸಿಕೊಳ್ಳಿ. ಜೂನ್‌ನಿಂದ ನವೆಂಬರ್: ಅಲಗು, ಚಿಪ್‌ಬ್ರೇಕರ್, ಕಾಗದದ ಚೂರು, ಇವಿಷ್ಟರಲ್ಲೇ ಬದುಕಬೇಕು. ಸುರುಳಿ ಸ್ವಲ್ಪ ದಪ್ಪ ಬಂದರೆ ಬರಲಿ. ಕೆಲಸ ಮುಗಿದ ಮೇಲೆ ಅಲಗನ್ನ ಸಡಿಲಿಸಿ, ಅದಕ್ಕೆ ತೆಳುವಾಗಿ ಎಣ್ಣೆ ಸವರಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಅವರು ಕ್ಯಾಮೆಲಿಯ ಬೀಜದ ಎಣ್ಣೆ ಹಚ್ತಾರೆ. ನಮ್ಮ ಚೇಟ್ಟನ್ ಹಚ್ಚೋದು ತೆಂಗಿನೆಣ್ಣೆ. ಎರಡೂ ಒಣಗಿ ಗಟ್ಟಿಯಾಗದ ಎಣ್ಣೆಗಳೇ. ಉಪ್ಪುಗಾಳಿಯ ಊರಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತೆ, ಇದನ್ನ ಮರೀಬೇಡಿ. ಮತ್ತೆ, ಹತ್ತರಿಯನ್ನ ಎಸಿ ರೂಮಿನಿಂದ ಆಚೆ ಇಡಿ. ಕೆಲಸ ಮಾಡೋ ಜಾಗದ ಗಾಳಿಯೇ ಅದಕ್ಕೆ ಅಭ್ಯಾಸವಾಗಲಿ.

ಜಪಾನಿನಲ್ಲಿ ಕೆಝುರೋಕಾಯ್ ಅಂತ ಹತ್ತರಿ ಹೊಡೆಯೋ ಕೂಟ ನಡೆಯುತ್ತೆ. ಕೆಲವೇ ಮೈಕ್ರಾನ್ ದಪ್ಪದ ಸುರುಳಿ ತೆಗೆದು ಅಳೆದು ನೋಡ್ತಾರೆ. ಅಲ್ಲಿಗೆ ಬಂದ ಹಳೇ ಬಡಗಿಗಳೂ ಆವತ್ತಿನ ಗಾಳಿಗೆ ತಕ್ಕ ಹಾಗೆ ಅಲ್ಲೇ ಕೂತು ತಳ ಸರಿಮಾಡಿಕೊಳ್ತಾರೆ. ಅವರದ್ದು ಒಂದು ದಿನದ ಪಂದ್ಯ, ಬೇಕಾದರೆ ಹೊಸ ಕೊರಡು ಮಾಡಿಕೊಡೋರು ಊರಲ್ಲೇ ಇದ್ದಾರೆ. ನಮಗೆ ಇರೋದು ಒಂದೇ ಕೊರಡು. ಅದನ್ನ ಮತ್ತೆ ಮಾಡಿಕೊಡಬಲ್ಲ ಕೈಗಳು ಇಲ್ಲಿ ಪ್ಲೈವುಡ್ ಕೆಲಸಕ್ಕೆ ಹೋಗಿ ವರ್ಷಗಳಾದವು. ನಿಮ್ಮ ಬೀದಿಯಲ್ಲಿ ಅಂಥ ಆಶಾರಿ ಒಬ್ಬರು ಇನ್ನೂ ಇದ್ದರೆ, ಕನ್ನ ಕೆಡೋ ತನಕ ಕಾಯಬೇಡಿ. ಈ ಭಾನುವಾರವೇ ತಗೊಂಡು ಹೋಗಿ ತೋರಿಸಿ.

ಪ್ರಶ್ನೆ ಇದ್ದರೆ ಕೇಳಿ. ಕೇಳುವಾಗ ಯಾವ ಮರ, ಯಾವ ತಿಂಗಳು, ತೇವಾಂಶ ಎಷ್ಟು ಅಂತ ಮೂರು ವಿವರ ಸೇರಿಸಿ.